ತುಂಬಿದ ಲೋಟ ತುಳುಕದ ಮೋಟಾರು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ. ಕಾರ್ಖಾನೆಯ ಟ್ಯೂಬ್‌ಲೈಟುಗಳು ಒಂದೊಂದೇ ಕಣ್ಣು ಬಿಡುತ್ತಿವೆ. ಓರೆಯಮ್ಮ ಆಗಲೇ ಬೆಂಚಿನ ಮುಂದೆ ನಿಂತು, ಕರೆಂಟು ಕೊಡದ ಮೋಟಾರನ್ನು ಎರಡೇ ಬೆರಳಲ್ಲಿ ತಿರುಗಿಸುತ್ತಿದ್ದಾಳೆ. ಕಟ್, ಕಟ್, ಕಟ್. ಬೆರಳಿಗೆ ತಡೆದು ತಡೆದು ತಗಲುತ್ತದೆ. "ಇದೂ ಕುಂಟುತ್ತೆ. ಇದಕ್ಕೆ ಒಪ್ಪಿಗೆ ಕೊಟ್ಟೋರ ತಲೆ..." ಉಳಿದದ್ದನ್ನು ನುಂಗಿಕೊಂಡು ಮೋಟಾರನ್ನು ಎಡಗಡೆಯ ರಾಶಿಗೆ ತಳ್ಳುತ್ತಾಳೆ.

ಗಾಲಿಕುರ್ಚಿಗಳ ಮೋಟಾರು ಇವು. ಒಳಗೆ ಸುತ್ತುವ ಉರುಳೆಗೆ ಮ್ಯಾಗ್ನೆಟ್ ಚೂರು ಅಂಟಿಸುವುದು ಇಪ್ಪತ್ತೆರಡು ವರ್ಷದಿಂದ ಇವಳ ಕೆಲಸ. ದಿನಕ್ಕೆ ಹದಿನಾರು ಉರುಳೆ, ಒಂದೊಂದಕ್ಕೆ ಮೂವತ್ತು ಚೂರು. ಮೂರು ಸಾಲು, ಪ್ರತಿ ಸಾಲೂ ಹಿಂದಿನದಕ್ಕಿಂತ ಚೂರೇ ಚೂರು ಓರೆ. ಓರೆಯಮ್ಮ ಎಂಬ ಹೆಸರು ಬಂದದ್ದೇ ಅದರಿಂದ. ನೆಟ್ಟಗೆ ಅಂಟಿಸಿದರೆ ಎಲ್ಲ ಸಾಲೂ ಸುತ್ತಲಿನ ಕಬ್ಬಿಣದ ಹಲ್ಲುಗಳನ್ನು ಒಟ್ಟಿಗೇ ಹಿಡಿದು ಒಟ್ಟಿಗೇ ಬಿಡುತ್ತವೆ. ತಿರುಗುವ ಬಲ ಏರಿಳಿದು ಕುರ್ಚಿ ನಡುಗುತ್ತದೆ. ಓರೆಯಾದರೆ ಒಂದು ಸಾಲು ಬಿಡುವಷ್ಟರಲ್ಲಿ ಇನ್ನೊಂದು ಹಿಡಿದಿರುತ್ತದೆ. ಒತ್ತಿ ಒತ್ತಿ ಇವಳ ಹೆಬ್ಬೆರಳ ಗೆರೆಗಳೇ ಅಳಿಸಿಹೋಗಿವೆ. ಗೇಟಿನಲ್ಲಿ ಬೆರಳ ಗುರುತು ನೋಡಿ ಹಾಜರಿ ಹಾಕುವ ಯಂತ್ರಕ್ಕೆ ಇವಳು ಯಾರೆಂದೇ ಗೊತ್ತಿಲ್ಲ.

ಹೋದ ತಿಂಗಳು ಮ್ಯಾನೇಜರ್ ಅಪ್ಪಣೆ ಹೊರಡಿಸಿದ. ನೆಟ್ಟಗೇ ಅಂಟಿಸಿ, ಬೇಗ ಮುಗಿಯುತ್ತೆ. ನಡುಕವನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತೆ.

"ಒಂದೊಂದು ಮೋಟಾರಿನ ನಡುಕವನ್ನೂ ಅಳೆದು ಅದಕ್ಕೆ ಹೇಳಿಕೊಟ್ರೆ ನೋಡಿಕೊಳ್ಳುತ್ತೆ ಸರ್. ಯಾರು ಅಳೆದಿದ್ದಾರೆ?"

"ಅದೆಲ್ಲ ನಿನಗ್ಯಾಕಮ್ಮ? ಅಂಟಿಸು, ಅಷ್ಟೆ."

ಯಾಕೆಂದರೆ ಮನೆಯಲ್ಲಿ ಬೆನ್ನುಮೂಳೆ ಮುರಿದ ಅಕ್ಕ ಇದ್ದಾಳೆ. ನೆಟ್ಟನೆಯ ಸಾಲಿನ ಮೋಟಾರನ್ನು ಅವಳ ಕುರ್ಚಿಗೆ ಹಾಕಿ ನೋಡಿದ ದಿನ ಅಕ್ಕ ನಕ್ಕಳು: "ಇದು ಕುರ್ಚಿಯೋ ಜರಡಿಯೋ? ಬಾಗಿಲು ಮುಟ್ಟೋದ್ರೊಳಗೆ ನನ್ನನ್ನೇ ಸೋಸಿಬಿಡುತ್ತೆ ಕಣೇ!" ಆಮೇಲೆ ಎರಡು ದಿನ ಅವಳಿಗೆ ಮಗ್ಗುಲು ಬದಲಿಸಲಾಗಲಿಲ್ಲ.

ಇವತ್ತು ಅಂಥ ನಲವತ್ತು ಮೋಟಾರು ಲಾರಿ ಏರಬೇಕು. ಓರೆಯಮ್ಮನ 'ಸರಿ ಇದೆ' ಮುದ್ರೆ ಬೀಳದೆ ಏರುವಂತಿಲ್ಲ. ಮುದ್ರೆ ಅವಳ ಊಟದ ಡಬ್ಬಿಯೊಳಗಿದೆ, ಡಬ್ಬಿ ಕಂಕುಳಲ್ಲಿದೆ.

ಎಂಟಕ್ಕೆ ಮ್ಯಾನೇಜರ್ ಬಂದು ಕೈಚಾಚುತ್ತಾನೆ. ಇವಳು ಕೈಗೆ ಕೊಡುವುದು ಮುದ್ರೆಯನ್ನಲ್ಲ, ಅಂಚಿನ ತನಕ ನೀರು ತುಂಬಿದ ಲೋಟ. "ಆ ನಲವತ್ತರಲ್ಲೇ ಒಂದನ್ನ ಈ ಕುರ್ಚಿಗೆ ಹಾಕಿದೀನಿ. ಇದರಲ್ಲಿ ಕೂತು ನಿಧಾನಕ್ಕೆ ಗೇಟಿನ ತನಕ ಹೋಗಿ ಬನ್ನಿ ಸರ್. ಒಂದು ಹನಿ ಚೆಲ್ಲದಿದ್ರೆ ನಲವತ್ತಕ್ಕೂ ಒತ್ತುತ್ತೀನಿ."

ಎಲ್ಲರ ಕೈಯೂ ನಿಂತಿದೆ. ಬೇರೆ ದಾರಿಯಿಲ್ಲದೆ ಕೂರುತ್ತಾನೆ. ಹತ್ತು ಹೆಜ್ಜೆಗೆ ಲೋಟ ಅರ್ಧ, ಪ್ಯಾಂಟು ಒದ್ದೆ. "ಪಾಪ, ಸರ್‌ಗೆ ಅವಸರ ಆಗಿತ್ತೇನೋ," ಎಂದು ಪ್ಯಾಕಿಂಗ್‌ನವಳು ನಿಟ್ಟುಸಿರು ಬಿಡುತ್ತಾಳೆ.

ಲಾರಿ ಖಾಲಿ ಹೋಗುತ್ತದೆ. ತಪ್ಪಾಯಿತು ಎಂದವರು ಯಾರೂ ಇಲ್ಲ. ಇವಳಿಗೇ ಎಚ್ಚರಿಕೆ ಪತ್ರ ಬಂದಿದೆ. ನಲವತ್ತನ್ನೂ ಬಿಚ್ಚಿ ಮತ್ತೆ ಅಂಟಿಸುವ ಕೆಲಸವೂ ಇವಳದೇ.

ಈ ಬರಹಕ್ಕೆ ಒಂದು ಫೋಟೋ ಎಂದರೆ ಸಿಡುಕುತ್ತಾಳೆ. "ನನ್ನ ಮುಖ ಯಾಕೆ? ಅಪ್ಪಣೆ ಕೊಡೋರೆಲ್ಲ ಒಂದು ಸಲ ಲೋಟ ಹಿಡಿದು ಆ ಕುರ್ಚಿಯಲ್ಲಿ ಕೂರ್ಲಿ. ನನಗೆ ಅಷ್ಟು ಸಾಕು."

ಹಳೆಯ ಅಂಟು ಕೆರೆದು ತೆಗೆದು, ಹೊಸದು ಒಣಗಿ, ಸಂಜೆಯ ಹೊತ್ತಿಗೆ ಮೊದಲನೆಯ ಮೋಟಾರು ಮತ್ತೆ ಸಿದ್ಧವಾಗಿದೆ. ಕಣ್ಣು ಮುಚ್ಚಿ ಎರಡು ಬೆರಳಲ್ಲಿ ತಿರುಗಿಸುತ್ತಾಳೆ. ಎಲ್ಲೂ ತಡೆಯಿಲ್ಲ.

"ಇದು ಹಾಕಿದ ಕುರ್ಚಿಯಲ್ಲಿ ನಮ್ಮಕ್ಕ ಕೂರಬಹುದು," ಎಂದು ಡಬ್ಬಿ ತೆರೆದು, ಮುದ್ರೆ ಒತ್ತುತ್ತಾಳೆ.