ಮೈದುನನ ನಾಡಿ, ನನ್ನ ನಾಡಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಖಾಸಬಾಗದ ಮನೆಗೆ ಸೊಸೆಯಾಗಿ ಬಂದಾಗಲೇ ನನ್ನ ಹೃದಯದ ಒಂದು ಕವಾಟ ಕೆಟ್ಟಿತ್ತು. ಖಾನಾಪುರದಲ್ಲಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಕೀಲುನೋವಿನ ಜ್ವರ ಬಂದಿತ್ತು. ಅದು ಎದೆಯೊಳಗೆ ಗಾಯ ಉಳಿಸಿ ಹೋದದ್ದು ಯಾರಿಗೂ ತಿಳಿದಿರಲಿಲ್ಲ. ಎರಡು ಕೊಡ ನೀರು ಹೊತ್ತರೆ ಏದುಸಿರು ಬರುತ್ತಿತ್ತು, ಅಷ್ಟೇ ಗೊತ್ತು.

ಮೈದುನ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಫಿಟರ್. ದಿನಾ ನೂರು ಬೈಠಕ್ ಹೊಡೆದು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವನು. ಕನ್ನಡಿ ಮುಂದೆ ತೋಳು ನೋಡಿಕೊಳ್ಳುವುದು ಅವನ ಎರಡನೇ ಉದ್ಯೋಗ. ಒಂದು ಭಾನುವಾರ ಅತ್ತೆಯ ಎದುರಿಗೇ ನನ್ನನ್ನು ಕೂರಿಸಿದ.

“ವೈನಿ, ನಿಮ್ಮ ನಾಡಿ ನೀವ ಹಿಡೀರಿ. ನಾ ಗಡಿಯಾರ ನೋಡ್ತೀನಿ.”

ನನ್ನದು ತೊಂಬತ್ತೆಂಟು. ಅವನದು ಐವತ್ತಾರು.

“ನೋಡವ್ವಾ, ಇದು ರೋಗ ಅಲ್ಲ, ಮೈಗಳ್ಳತನ. ಮೈ ಬಗ್ಗಿಸಿ ದುಡಿದ್ರ ತಾನ ಸರಿ ಆಗ್ತೈತಿ” ಎಂದು ತಾಯಿಗೆ ಹೇಳಿದ.

ಅತ್ತೆ ನಂಬಿದರು. ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಮರುದಿನದಿಂದ ನನ್ನ ಪಾಲಿನ ಕೊಡಗಳು ಹೆಚ್ಚಾದವು. ತಿಂಗಳೊಳಗೆ ಕಾಲು ಬಾತುಕೊಂಡವು, ಕೆಮ್ಮಿದರೆ ರಕ್ತ ಬಂತು. ಆಗ ಗಂಡ ಹೆದರಿ ಡಾಕ್ಟರ ಬಳಿ ಕರೆದೊಯ್ದರು. ತನ್ನ ಐವತ್ತಾರನ್ನು ಹೇಳಿಕೊಳ್ಳುವ ಚಪಲಕ್ಕೆ ಮೈದುನನೂ ಬಂದ.

ಡಾಕ್ಟರು ಇಬ್ಬರ ನಾಡಿಯನ್ನೂ ನೋಡಿ ಅವನಿಗೆ ಹೇಳಿದರು: “ನಿಮ್ಮ ಎದಿ ಒಂದ ಸಲ ಬಡಿದ್ರ ಬೇಕಾದಷ್ಟು ರಕ್ತ ಮುಂದ ಹೋಗ್ತೈತಿ, ಅದಕ್ಕ ಸಾವಕಾಶ ಬಡೀತೈತಿ. ಇವರ ಕವಾಟ ಸಣ್ಣದಾಗೇತಿ. ಹೋಗೂದ ಕಡಿಮಿ, ಅದಕ್ಕ ಹೆಚ್ಚಿಗಿ ಬಡ್ಕೋಬೇಕು. ನೀವು ದಿಬ್ಬದ ಮ್ಯಾಲೆ ಸೈಕಲ್ ತುಳಿಯೂವಾಗ ಪಡೂ ತ್ರಾಸ ಇವರು ಕುಂತಲ್ಲೇ ಪಡಾಕತ್ತಾರ.”

ಡಾಕ್ಟರು ಏನಂದರೆಂದು ಮನೆಯಲ್ಲಿ ಅತ್ತೆ ಕೇಳಿದರು. ಮೈದುನ, “ನನ್ನ ಎದಿ ಭಾರಿ ಛಲೋ ಐತಂತ” ಎಂದ. ಅಷ್ಟೇ ಹೇಳಿದ.

ಮಿರಜಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಎಂದು ನಿಶ್ಚಯವಾಯಿತು. ರಕ್ತ ಕೊಡಲು ಇಬ್ಬರು ಬೇಕಾಗಿದ್ದರು. ನಾಲ್ಕನೇ ರೊಟ್ಟಿ ಮುರಿಯುತ್ತಿದ್ದ ಮೈದುನನ ಕಡೆ ಎಲ್ಲರೂ ನೋಡಿದೆವು.

“ರಕ್ತ ಕೊಟ್ಟರ ತಾಕತ್ತ ಹೋಗ್ತೈತಿ. ದುಡಿಯೂ ಮೈ ನಂದು” ಎಂದವನು ಐದನೆಯದಕ್ಕೆ ಕೈ ಚಾಚಿದ. ಅಂಥ ಎದೆ, ಅಂಥ ತೋಳು, ಒಳಗೆ ಇಷ್ಟೇ ಮನುಷ್ಯ! ಅವತ್ತು ಹುಟ್ಟಿದ ಅಸಹ್ಯ ನನಗೆ ಇಂದಿಗೂ ಹೋಗಿಲ್ಲ.

ಒಂದು ಬಾಟಲಿ ಗಂಡ ಕೊಟ್ಟರು. ಇನ್ನೊಂದನ್ನು ಕೊಡಲು ಖಾನಾಪುರದಿಂದ ನನ್ನ ತಂಗಿ ರೈಲು ಹತ್ತಿ ಬಂದಳು. ಅವಳು ಕಡ್ಡಿಯಂಥ ಹುಡುಗಿ. “ಅಕ್ಕಾ, ಹೆದರಬ್ಯಾಡ, ನನ್ನ ಕಡೆ ಭಾಳ ಐತಿ” ಎಂದು ನಕ್ಕಳು.

ಸಣ್ಣದಾಗಿದ್ದ ಕವಾಟ ಅಗಲ ಮಾಡಿಸಿಕೊಂಡು ಮನೆಗೆ ಬಂದೆ. ಉಸಿರು ಹಗುರಾಗಿತ್ತು. ನೋಡಲು ಬಂದ ಬಳಗದವರು ಮೋಸಂಬಿ ತಂದಿದ್ದರು. ಮೈದುನ ನನ್ನ ಹಾಸಿಗೆಯ ಬಾಜೂಕೆ ಕುಳಿತು ಅವನ್ನು ಸುಲಿದು ತಿನ್ನುತ್ತ, “ವೈನಿಗೆ ಭಾಳ ಕಠಿಣ ಆಗಿತ್ತರಿ. ನಾವ ಓಡಾಡಿ ಉಳಿಸಿದ್ವಿ” ಎಂದು ಅವರಿಗೆ ವಿವರಿಸುತ್ತಿದ್ದ. ನಾನು ಬುಟ್ಟಿಯಲ್ಲಿ ಉಳಿದಿದ್ದ ಎರಡು ಹಣ್ಣು ತೆಗೆದು, ಕಾಲ ಬಳಿ ಕುಳಿತಿದ್ದ ತಂಗಿಯ ಉಡಿಯಲ್ಲಿ ಹಾಕಿ, ಗೋಡೆಯ ಕಡೆ ಹೊರಳಿ ಮಲಗಿದೆ.