ಅತ್ತೆಗೆ ಮೂರು ಬಂದ ಭಾನುವಾರ

ನಾನು ಪಿಯುಸಿ ಮುಗಿಸಿದ ವರ್ಷ ಅಪ್ಪನಿಗೆ ಮೈಸೂರಿನಿಂದ ಮದ್ರಾಸಿಗೆ ವರ್ಗವಾಯಿತು. ಊರಿನ ಹೆಸರು ಅಷ್ಟರಲ್ಲಿ ಚೆನ್ನೈ ಆಗಿತ್ತು, ನಮ್ಮ ಮನೆಯಲ್ಲಿ ಮಾತ್ರ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕೀಲ್ಪಾಕಿನಲ್ಲಿ ಒಂದು ಹಳೆಯ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯವರೇ ಇದ್ದರು. ಅವರೂ ಕನ್ನಡದವರು, ಮಾಧ್ವರು, ಆದರೆ ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದವರು. ಅವರ ಜೊತೆ ಮೊದಲ ಸಲ ಮಾತಾಡಿ ಮೇಲೆ ಬಂದ ಅಮ್ಮ, ಅರ್ಧ ಅರ್ಥವಾಯಿತು, ಇನ್ನರ್ಧ ಊಹೆ ಮಾಡಿಕೊಂಡೆ ಎಂದಳು.

ಆ ಮನೆಯ ಮಗಳು ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದಳು. ನನಗಿಂತ ಮೂರು ವರ್ಷ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ವಿದೇಶಕ್ಕೆ ಹೊರಟ ಅವಳ ಸಹಪಾಠಿಯೊಬ್ಬ ಹೋಗುವ ಮುಂಚೆ ಒಂದು ದಪ್ಪ ಪುಸ್ತಕ ಕೊಟ್ಟು ಹೋಗಿದ್ದ. ಅದು ಕಥೆಯ ಪುಸ್ತಕವಲ್ಲ, ಒಂದು ಆಟದ ನಿಯಮಗಳ ಪುಸ್ತಕ. ಬೋರ್ಡು, ಕಾಯಿ ಯಾವುದೂ ಇಲ್ಲದ ಆಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ: ಯೋಧ, ಮಂತ್ರವಾದಿ, ವೈದ್ಯ, ಕಳ್ಳ. ಎದುರಿಗೆ ಕೋಟೆಯಿದೆ, ಬಾಗಿಲು ಮುಚ್ಚಿದೆ, ಏನು ಮಾಡುತ್ತೀರಿ ಎಂದು ಕಥೆ ನಡೆಸುವವರು ಕೇಳುತ್ತಾರೆ. ನಾವು ಹೇಳಬೇಕು. ಹೇಳಿದ್ದು ಕೈಗೂಡಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಇಪ್ಪತ್ತು ಮುಖದ ದಾಳ ಮದ್ರಾಸಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅಕ್ಕ ಮನೆಯಲ್ಲಿದ್ದ ತಂಬೋಲ ಸೆಟ್ಟಿನಿಂದ ಒಂದರಿಂದ ಇಪ್ಪತ್ತರವರೆಗಿನ ಬಿಲ್ಲೆಗಳನ್ನು ತೆಗೆದು ಒಂದು ಬಟ್ಟೆಯ ಸಂಚಿಗೆ ಹಾಕಿದಳು. ಕೈ ಹಾಕಿ ಒಂದು ತೆಗೆಯಬೇಕು. ದೊಡ್ಡ ಸಂಖ್ಯೆ ಬಂದರೆ ಗೆಲುವು, ಸಣ್ಣದು ಬಂದರೆ ಸೋಲು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರ ಮನೆಯ ಹಾಲಿನಲ್ಲಿ ಆಡುತ್ತಿದ್ದೆವು. ಅಕ್ಕ ಕಥೆ ನಡೆಸುತ್ತಿದ್ದಳು. ನಾನು ಮಂತ್ರವಾದಿ. ಅವಳ ತಮ್ಮ ಯೋಧ. ಅವನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವವನು. ನಾಲ್ಕನೆಯವಳು ನನ್ನ ಗೆಳತಿ. ನಾನು ದೃಶ್ಯ ಮಾಧ್ಯಮದ ಪದವಿಗೆ ಸೇರಿದ್ದೆ, ಅವಳು ನನ್ನ ತರಗತಿಯ ತಮಿಳು ಹುಡುಗಿ, ಕ್ಯಾಮೆರಾ ಅಂದರೆ ಪ್ರಾಣ. ಅವಳು ವೈದ್ಯೆಯ ಪಾತ್ರ ತೆಗೆದುಕೊಂಡಿದ್ದಳು. ನಾವು ಆಡುತ್ತಿದ್ದಾಗ ಅಕ್ಕನ ಸೋದರತ್ತೆ ಹಾಲಿನ ಉಯ್ಯಾಲೆಯ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಲೋ ಹೂ ಕಟ್ಟುತ್ತಲೋ ಇರುತ್ತಿದ್ದರು. ಅರವತ್ತು ದಾಟಿದವರು. ಇಪ್ಪತ್ತಮೂರಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವರು, ಮತ್ತೆ ಎಲ್ಲಿಗೂ ಹೋಗಿರಲಿಲ್ಲ.

ಒಂದು ಭಾನುವಾರ ನಾವು ರಾಕ್ಷಸನ ಮನೆಯ ಬಾಗಿಲ ಮುಂದೆ ಸಿಕ್ಕಿಹಾಕಿಕೊಂಡೆವು. ಯೋಧ ಕೊಡಲಿಯಿಂದ ಹೊಡೆದ, ನಾಲ್ಕು ಬಂತು. ನಾನು ಮಂತ್ರ ಹಾಕಿದೆ, ಎರಡು ಬಂತು. ಗೋಡೆ ಹತ್ತುವುದೋ ಸುರಂಗ ತೋಡುವುದೋ ಎಂದು ಅರ್ಧ ಗಂಟೆ ವಾದ ಮಾಡಿದೆವು. ಉಯ್ಯಾಲೆ ನಿಂತಿತು.

"ಕದ ತಟ್ಟಿ ನೋಡಿದೀರಾ?" ಎಂದರು ಅತ್ತೆ.

ನಾವು ಅಕ್ಕನ ಮುಖ ನೋಡಿದೆವು. ಅಕ್ಕ ತನ್ನ ನೋಟ್‌ಬುಕ್ಕಿನ ಪುಟ ತಿರುಗಿಸಿದಳು, ಏನೂ ಬರೆದುಕೊಂಡಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ನಗುತ್ತ, ಯೋಧ ಕದ ತಟ್ಟುತ್ತಾನೆ, ರಾಕ್ಷಸ ನಿದ್ದೆಗಣ್ಣಲ್ಲಿ ಬಂದು ಬಾಗಿಲು ತೆಗೆಯುತ್ತಾನೆ ಎಂದಳು.

ಮುಂದಿನ ವಾರದಿಂದ ಅತ್ತೆಯೂ ಆಟಕ್ಕೆ ಬಂದರು. ಯಾವ ಪಾತ್ರ ಬೇಕು ಎಂದು ಅಕ್ಕ ಕೇಳಿದಳು. ರಾಣಿ ಆಗಿ ಎಂದು ನಾನು ಹೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು.

"ಕಳ್ಳಿ ಆಗ್ತೀನಿ ಮಾ. ಈ ಮನೇಲಿ ನಲ್ವತ್ತು ವರ್ಷದಿಂದ ಒಳ್ಳೆಯವಳಾಗೇ ಇದೀನಿ, ಪೋದುಂ, ಸಾಕು."

ಅವರಷ್ಟು ಚೆನ್ನಾಗಿ ಆಡಿದವರನ್ನು ನಾನು ಆಮೇಲೂ ನೋಡಲಿಲ್ಲ. ನಾವು ಮೂವರೂ ನಮ್ಮ ಪಾತ್ರಗಳಿಗೆ ಎಷ್ಟು ಬಲವಿದೆ, ಎಷ್ಟು ಮಂತ್ರ ಗೊತ್ತು ಎಂದು ಲೆಕ್ಕ ಹಾಕುತ್ತಿದ್ದೆವು. ಅತ್ತೆ ಮಾತ್ರ ಎದುರಿಗಿರುವವರು ಏನು ಬಯಸುತ್ತಾರೆ ಎಂದು ಕೇಳುತ್ತಿದ್ದರು. ಕಾವಲುಗಾರನಿಗೆ ಮಕ್ಕಳಿದ್ದಾರಾ, ಮಾಟಗಾತಿ ಊಟ ಮಾಡಿದ್ದಾಳಾ ಎಂದು ಕೇಳುತ್ತಿದ್ದರು. ಅಕ್ಕ ಅದಕ್ಕೆಲ್ಲ ಸ್ಥಳದಲ್ಲೇ ಉತ್ತರ ಹುಟ್ಟಿಸಬೇಕಾಗುತ್ತಿತ್ತು. ಹಾಗೆ ಹುಟ್ಟಿಸುವುದರಲ್ಲಿ ಅವಳೂ ಕಡಿಮೆಯಿರಲಿಲ್ಲ. ಆಸ್ಪತ್ರೆಯಲ್ಲಿ ವಾರವೆಲ್ಲ ದುಡಿದು ದಣಿದವಳು ಭಾನುವಾರ ಎರಡು ಗಂಟೆಗೆ ಆ ಸಂಚಿ ಹಿಡಿದು ಕೂತರೆ ಮುಖವೇ ಬೇರೆ ಆಗುತ್ತಿತ್ತು.

ಅತ್ತೆಯ ಕಳ್ಳಿಗೆ ಒಂದೇ ಆಸೆ, ಬೆಟ್ಟದ ಮೇಲಿನ ಡ್ರ್ಯಾಗನ್ ಕಾಯುತ್ತಿದ್ದ ನೀಲಮಣಿ. ಅದಕ್ಕಾಗಿ ಏಳು ತಿಂಗಳು ಆಡಿದೆವು. ಕೊನೆಗೊಂದು ಭಾನುವಾರ ಮಣಿ ಅವರ ಕೈಸೇರಿತು. ಇಳಿಯುವಾಗ ಹಗ್ಗದ ಸೇತುವೆ ಮುರಿದು ಯೋಧ ಕಮರಿಯ ಅಂಚಿನಲ್ಲಿ ನೇತಾಡುತ್ತಿದ್ದ. ಡ್ರ್ಯಾಗನ್ ಎದ್ದು ಅವನ ಕಡೆ ಬರುತ್ತಿತ್ತು. ಕಳ್ಳಿ ಒಂದು ಕೈಯಲ್ಲಿ ಹಗ್ಗ ಎಸೆದು ಅವನನ್ನು ಎಳೆದುಕೊಳ್ಳಬೇಕು. ಹದಿನೆಂಟೋ ಅದಕ್ಕಿಂತ ಹೆಚ್ಚೋ ಬರಬೇಕು ಎಂದಳು ಅಕ್ಕ. ಅತ್ತೆ ಕಣ್ಣು ಮುಚ್ಚಿ ಸಂಚಿಗೆ ಕೈ ಹಾಕಿದರು. ಮೂರು ಬಂತು.

ಅತ್ತೆ ಬಿಲ್ಲೆಯನ್ನು ತಿರುವಿ ಮುರುವಿ ನೋಡಿದರು. ಆಮೇಲೆ ಮೆಲ್ಲಗೆ, ಮಣಿಯನ್ನು ಕಮರಿಗೆ ಎಸೆಯುತ್ತೇನೆ ಎಂದರು. ಡ್ರ್ಯಾಗನ್ ಮಣಿಯ ಹಿಂದೆ ಹಾರಿತು, ಯೋಧ ಉಳಿದ. ಸದಾ ಕೀಟಲೆ ಮಾಡುವ ಅಕ್ಕನ ತಮ್ಮ ಎದ್ದು ಹೋಗಿ ಅತ್ತೆಗೆ ಒಂದು ಲೋಟ ನೀರು ತಂದುಕೊಟ್ಟ.

ಪದವಿಯ ಕೊನೆಯ ವರ್ಷ ಅರ್ಧ ಗಂಟೆಯ ಚಿತ್ರವೊಂದನ್ನು ಮಾಡಿ ಒಪ್ಪಿಸಬೇಕಿತ್ತು. ಬೇರೆ ಯೋಚನೆಯೇ ಬರಲಿಲ್ಲ. ಆ ಭಾನುವಾರವನ್ನೇ ಚಿತ್ರ ಮಾಡುತ್ತೇವೆ ಎಂದು ನಾನೂ ಗೆಳತಿಯೂ ನಿರ್ಧರಿಸಿದೆವು.

ಮೂರು ತಿಂಗಳು ತಯಾರಿ ನಡೆಸಿದೆವು. ಎಗ್ಮೋರಿನ ಮ್ಯೂಸಿಯಮ್ಮಿಗೆ ಹೋಗಿ ಹಳೆಯ ಕತ್ತಿ, ಗುರಾಣಿಗಳ ಚಿತ್ರ ಬಿಡಿಸಿಕೊಂಡು ಬಂದೆವು. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ತುಕ್ಕು ಹಿಡಿದ ಬೀಗ, ಹಿತ್ತಾಳೆ ಕಂದೀಲು, ಯಾವುದೋ ನಾಟಕದ ಕಂಪನಿ ಮಾರಿದ ಕಿರೀಟ ಆರಿಸಿ ತಂದೆವು. ಥರ್ಮೋಕೋಲಿನಿಂದ ಡ್ರ್ಯಾಗನ್ ಕಟ್ಟಿ ಹಸಿರು ಬಣ್ಣ ಬಳಿದೆವು. ಕಳ್ಳಿಯ ಪಾತ್ರಕ್ಕೆ ನಮ್ಮ ಕಾಲೇಜಿನಲ್ಲೇ ಅತ್ಯಂತ ಚೆಲುವೆ ಎನಿಸಿಕೊಂಡವಳು ಒಪ್ಪಿದಳು. ಚಿತ್ರದ ಮೊದಲ ಆರು ನಿಮಿಷ ಆ ರಾಜ್ಯದ ಇತಿಹಾಸ, ನಕ್ಷೆ, ರಾಜವಂಶ. ಅಕ್ಕ ಎರಡು ವರ್ಷದಲ್ಲಿ ಕಟ್ಟಿದ ಲೋಕದ ಒಂದು ಚೂರೂ ಬಿಟ್ಟುಹೋಗಬಾರದು ಎನ್ನುವುದು ನನ್ನ ಹಟ.

ಕಾಲೇಜಿಗೆ ಕೊಡುವ ಮೊದಲು ಕೀಲ್ಪಾಕಿನ ಹಾಲಿನಲ್ಲೇ ಟೇಪು ಹಾಕಿ ತೋರಿಸಿದೆವು. ಮುಗಿದ ಮೇಲೆ ಅಕ್ಕ ಬಟ್ಟೆಗಳು ತುಂಬ ಚೆನ್ನಾಗಿವೆ ಎಂದಳು. ಅವಳ ತಮ್ಮ ಎದ್ದು ಟೀವಿ ಆರಿಸಿದ. ನಾನು ಅತ್ತೆಯ ಕಡೆ ನೋಡಿದೆ.

"ಪಡ ಚೆನ್ನಾಗಿದೆ ಮಾ," ಎಂದರು. ಸಿನಿಮಾಕ್ಕೆ ಅವರು ಪಡ ಎಂದೇ ಅನ್ನುತ್ತಿದ್ದರು, ಆದರೆ ಎನ್ನುವುದಕ್ಕೆ ಆನಾ. "ಆನಾ ಆ ಹುಡುಗಿ ಸೋಲೋದೇ ಇಲ್ವಲ್ಲ. ಹಗ್ಗ ಎಸೀತಾಳೆ, ಅವನು ಮೇಲೆ ಬರ್ತಾನೆ. ಆಮೇಲೆ ಮಣಿ ಯಾಕೆ ಎಸೀತಾಳೆ?"

ನೋಡಲು ಸೊಗಸಾಗಿರುತ್ತದೆ ಎಂದು ಹಾಗೆ ಮಾಡಿದೆವು, ತ್ಯಾಗ ಎಂದು ತೋರಿಸುವುದಕ್ಕೆ ಎಂದೆ.

"ನಂಗೆ ಮೂರು ಬಂತು. ಅದಕ್ಕೇ ಬಿಟ್ಟೆ. ಹದಿನೆಂಟು ಬಂದಿದ್ರೆ ನಾನು ಆ ಮಣಿ ಬಿಡ್ತಿದ್ನಾ? ಸತ್ಯವಾಗ್ಲೂ ಬಿಡ್ತಿರ್ಲಿಲ್ಲ."

ನನಗೆ ಅವಮಾನವಾಯಿತು. ಮೇಲೆ ಹೋಗಿ ಅಮ್ಮನ ಹತ್ತಿರ ಅವರಿಗೆ ಸಿನಿಮಾ ಏನು ಗೊತ್ತು ಎಂದೆಲ್ಲ ಬೈದುಕೊಂಡೆ. ಮಾರನೆಯ ದಿನ ಬಸ್ಸಿನಲ್ಲಿ ಗೆಳತಿ ತಾನಾಗಿಯೇ ಮಾತು ತೆಗೆದಳು. ಆಡುವಾಗ ಮುಂದೇನಾಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲ, ಚಿತ್ರದಲ್ಲಿ ಎಲ್ಲರ ಮುಖದ ಮೇಲೂ ಗೊತ್ತಿದೆ ಎಂದು ಬರೆದ ಹಾಗಿದೆ ಎಂದಳು. ಕ್ಯಾಮೆರಾದ ಹಿಂದೆ ನಿಂತವಳು ಹೇಳಿದ ಮೇಲೆ ಒಪ್ಪಿಕೊಳ್ಳಲೇಬೇಕಾಯಿತು. ಒಪ್ಪಿಸಲು ಇನ್ನೂ ಐದು ವಾರವಿತ್ತು. ಮತ್ತೆ ತೆಗೆಯೋಣ ಎಂದೆ.

ಅಕ್ಕನನ್ನೂ ಕೂರಿಸಿಕೊಂಡು ಮೊದಲಿನಿಂದ ಯೋಚಿಸಿದೆವು. ಸೋಲನ್ನು ತೋರಿಸಬೇಕಾದರೆ ಸಂಚಿ, ಬಿಲ್ಲೆಗಳನ್ನೂ ಚಿತ್ರದಲ್ಲಿ ತೋರಿಸೋಣ ಎಂದು ಗೆಳತಿ ಹೇಳಿದಳು. ಅಕ್ಕ ಒಪ್ಪಲಿಲ್ಲ. ಬಿಲ್ಲೆ ನಮಗೆ ಬೇಕಾಗಿತ್ತು, ನೋಡುವವರಿಗೆ ಬೇಕಾಗಿಲ್ಲ, ಅವರಿಗೆ ಕೈ ಜಾರುವುದು ಕಂಡರೆ ಸಾಕು ಎಂದಳು. ಆರು ನಿಮಿಷದ ಇತಿಹಾಸವನ್ನು ಅವಳೇ ಕಿತ್ತು ಹಾಕಿದಳು. ಎರಡು ವರ್ಷ ಕೂತು ಕಟ್ಟಿದವಳು ಹಾಗೆ ಒಂದೇ ಏಟಿಗೆ ಬಿಟ್ಟುಕೊಟ್ಟದ್ದು ನನಗೆ ಇವತ್ತಿಗೂ ಆಶ್ಚರ್ಯ. ಅದರ ಬದಲು ರಾಕ್ಷಸನ ಬಾಗಿಲ ಮುಂದೆ ಕೂತು ನಾವು ಮಾಡಿದ ಮೊದ್ದು ವಾದ ಇರಲಿ, ನಾವು ಅಂದರೆ ಅದೇ ತಾನೆ ಎಂದಳು.

ಚೆಲುವೆಗೆ ಅಷ್ಟರಲ್ಲಿ ಪರೀಕ್ಷೆಯ ತಯಾರಿಯಿತ್ತು, ಬರಲಾಗುವುದಿಲ್ಲ ಎಂದಳು. ಕಳ್ಳಿ ಯಾರು ಎಂಬ ಪ್ರಶ್ನೆ ಬಂತು. ಎಲ್ಲರ ಮನಸ್ಸಿನಲ್ಲೂ ಒಂದೇ ಹೆಸರಿತ್ತು, ಆದರೆ ಕೇಳಲು ನಮಗೆ ಧೈರ್ಯವಿರಲಿಲ್ಲ. ಅಕ್ಕನ ತಮ್ಮನೇ ಹೋಗಿ ಕೇಳಿದ. ಅಣ್ಣ ಏನು ಹೇಳುತ್ತಾನೋ ಎಂದು ಅತ್ತೆ ಹಿಂಜರಿದರು. ಅವರ ಅಣ್ಣ ಪೇಪರಿನಿಂದ ತಲೆಯೆತ್ತದೆ, ಬಿಸಿಲಿಗೆ ತಲೆಗೆ ಏನಾದರೂ ಕಟ್ಟಿಕೊಂಡು ಹೋಗು ಎಂದರಂತೆ.

ಪಲ್ಲಾವರಂ ಗುಡ್ಡದ ಪಕ್ಕ ಒಂದು ಹಳೆಯ ಕಲ್ಲುಗಣಿಯಿತ್ತು. ಬೆಳಿಗ್ಗೆ ಆರಕ್ಕೇ ಅಲ್ಲಿಗೆ ಹೋಗಿ ಬಿಸಿಲೇರುವವರೆಗೆ ಚಿತ್ರೀಕರಿಸುತ್ತಿದ್ದೆವು. ಅತ್ತೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ತಲೆಗೆ ಒಂದು ಕಂದು ಟವೆಲು ಸುತ್ತಿಕೊಂಡು ಬಂದರು. ಒಂದು ಆಭರಣವಿಲ್ಲ, ಬಣ್ಣವಿಲ್ಲ. ಆ ಕಲ್ಲುಗಳ ನಡುವೆ ಅವರು ಬಗ್ಗಿ ಬಗ್ಗಿ ನಡೆದದ್ದು ಕಂಡು ಗೆಳತಿ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಥರ್ಮೋಕೋಲಿನ ಡ್ರ್ಯಾಗನ್ ಕಾಲೇಜಿನ ಶೆಡ್ಡಿನಲ್ಲಿ ಗಾಳಿಮಳೆಗೆ ಬಿದ್ದು ಮುರಿದುಹೋಗಿತ್ತು. ಬೇರೆ ದಾರಿಯಿಲ್ಲದೆ ಬಂಡೆಯ ಮೇಲೆ ಒಂದು ನೆರಳು, ಜೊತೆಗೆ ಒಂದು ಸದ್ದು ಎಂದು ಮಾಡಿಕೊಂಡೆವು. ಸದ್ದಿಗೆ ಅಕ್ಕನ ಮನೆಯ ದೋಸೆ ಹಿಟ್ಟಿನ ಗ್ರೈಂಡರನ್ನು ರೆಕಾರ್ಡ್ ಮಾಡಿ, ಎಡಿಟಿಂಗಿನಲ್ಲಿ ನಿಧಾನ ಮಾಡಿದೆ. ಕಣ್ಣಿಗೆ ಕಾಣದ ಆ ಡ್ರ್ಯಾಗನ್ ಹಸಿರು ಡ್ರ್ಯಾಗನ್‌ಗಿಂತ ಹತ್ತು ಪಾಲು ಭಯ ಹುಟ್ಟಿಸಿತು.

ಹಗ್ಗ ಎಸೆಯುವ ದೃಶ್ಯಕ್ಕೆ ಹೇಗೆ ಸೋಲಬೇಕೆಂದು ನಾನು ಅತ್ತೆಗೆ ಹೇಳಿಕೊಡಲು ಹೋದೆ. ನೀನು ಸುಮ್ಮನಿರು, ನಾನು ನಿಜವಾಗಿಯೇ ಎಸೆಯುತ್ತೇನೆ, ಬಿದ್ದ ಕಡೆ ಬೀಳಲಿ ಎಂದರು. ಎಸೆದರು. ಹಗ್ಗ ಯೋಧನ ಬೆರಳಿಗೆ ತಾಗಿ ಜಾರಿತು. ಆ ಒಂದು ಕ್ಷಣ ಅವರ ಮುಖದಲ್ಲಿ ಆದದ್ದನ್ನು ಯಾವ ನಟಿಗೂ ಹೇಳಿಕೊಟ್ಟು ಮಾಡಿಸಲಾಗುವುದಿಲ್ಲ. ಆಮೇಲೆ ಮುಷ್ಟಿ ಬಿಚ್ಚಿ ನೀಲಿ ಗಾಜಿನ ಮಣಿಯನ್ನು ಒಮ್ಮೆ ನೋಡಿ, ಕೆಳಗೆ ಹಾಕಿದರು. ಒಂದೇ ಟೇಕ್.

ಕಾಲೇಜಿನ ಸಭಾಂಗಣದಲ್ಲಿ ಎಲ್ಲರ ಚಿತ್ರಗಳನ್ನೂ ತೋರಿಸಿದ ದಿನ ಅತ್ತೆ ರೇಷ್ಮೆ ಸೀರೆಯುಟ್ಟು ಎರಡನೆಯ ಸಾಲಿನಲ್ಲಿ ಕೂತಿದ್ದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಇಂಥ ಆಟವೊಂದಿದೆ ಎಂದೇ ಕೇಳಿದವರಲ್ಲ. ಬಾಗಿಲ ಮುಂದಿನ ವಾದಕ್ಕೆ ನಗು ಶುರುವಾಯಿತು, ಕಳ್ಳಿ ಕದ ತಟ್ಟಿದಾಗ ಚಪ್ಪಾಳೆಯೇ ಬಿತ್ತು. ಹಗ್ಗ ಜಾರಿದಾಗ ಫ್ಯಾನಿನ ಸದ್ದು ಕೇಳುವಷ್ಟು ನಿಶ್ಶಬ್ದ. ಹೊರಗೆ ಬಂದಾಗ ಮೊದಲ ವರ್ಷದ ಹುಡುಗಿಯೊಬ್ಬಳು ಅತ್ತೆಯ ಹತ್ತಿರ ಬಂದು, ಆಮೇಲೆ ಅವರಿಗೆಲ್ಲ ಏನಾಯಿತು ಎಂದು ತಮಿಳಿನಲ್ಲಿ ಕೇಳಿದಳು. ಗೊತ್ತಿಲ್ಲಮ್ಮ, ಇನ್ನೂ ಆಡಿಲ್ಲ ಎಂದು ಅತ್ತೆ ತಮಿಳಿನಲ್ಲೇ ಹೇಳಿದರು.

ಅಕ್ಕ ಮುಂದೆ ಓದಲು ವೆಲ್ಲೂರಿಗೆ ಹೋದಳು. ಗೆಳತಿ ಸಿನಿಮಾ ಕ್ಯಾಮೆರಾ ವಿಭಾಗ ಸೇರಿದಳು. ನಾನು ಕೆಲವು ವರ್ಷ ಎಡಿಟಿಂಗ್ ಮಾಡಿ, ಮಕ್ಕಳ ಧಾರಾವಾಹಿಗಳನ್ನು ಮಾಡುವ ಒಂದು ಸಣ್ಣ ಸಂಸ್ಥೆಗೆ ಬಂದೆ. ಅಲ್ಲಿಗೆ ಒಂದು ದಿನ, ಕತ್ತಿ ಮಂತ್ರಗಳ ಕಂಪ್ಯೂಟರ್ ಆಟವೊಂದನ್ನು ಧಾರಾವಾಹಿ ಮಾಡುವ ಕೆಲಸ ಬಂತು. ಮೂವರು ಬರಹಗಾರರು ಆ ಲೋಕದ ಇತಿಹಾಸವನ್ನೆಲ್ಲ ಒಂದು ದಪ್ಪ ಫೈಲಿನಲ್ಲಿ ಬರೆದು ತಂದರು. ಆರು ನಿಮಿಷದ ನನ್ನ ನಕ್ಷೆಗಳು ನೆನಪಾದವು. ಅವರನ್ನು ಬೈಯಲು ಮನಸ್ಸು ಬರಲಿಲ್ಲ. ಭಾನುವಾರ ನನ್ನ ಜೊತೆ ಒಂದು ಮನೆಗೆ ಬನ್ನಿ ಎಂದೆ.

ಅತ್ತೆಗೆ ಆಗ ಎಪ್ಪತ್ತರ ಹತ್ತಿರ. ಅಕ್ಕ ಹೋದ ಮೇಲೆ ಕಥೆ ನಡೆಸುವುದನ್ನು ಅವರು ತಾವೇ ಕಲಿತಿದ್ದರು. ಪಕ್ಕದ ಮನೆಯ ಮಕ್ಕಳಿಗೆ ಆಡಿಸುತ್ತಿದ್ದರು. ಮೂವರಿಗೂ ಮಜ್ಜಿಗೆ ಕೊಟ್ಟು, ಎದುರಿಗೆ ಕೂರಿಸಿಕೊಂಡು, ಒಂದು ನದಿ, ಒಂದು ಮುರಿದ ದೋಣಿ, ಆಚೆ ದಡದಲ್ಲಿ ಅಳುತ್ತಿರುವ ಒಂದು ಮಗು ಎಂದು ಶುರುಮಾಡಿದರು. ಫೈಲು ತಂದಿದ್ದ ಬರಹಗಾರ ಮೊದಮೊದಲು ಆ ನದಿಯ ಹೆಸರೇನು, ಯಾವ ರಾಜ್ಯಕ್ಕೆ ಸೇರಿದ್ದು ಎಂದು ಕೇಳುತ್ತಿದ್ದ. ಮೂರು ಸಲ ಸಣ್ಣ ಸಂಖ್ಯೆ ಬಂದ ಮೇಲೆ ಅದನ್ನೆಲ್ಲ ಬಿಟ್ಟು, ಶರ್ಟಿನ ತೋಳು ಮಡಿಸಿ ಮುಂದಕ್ಕೆ ಬಗ್ಗಿ ಕೂತ.

ಸಂಜೆ ಐದಕ್ಕೆ ಹೊರಟೆವು. ಬಸ್ಸಿನಲ್ಲಿ ಮೂವರೂ ಮುಂದಿನ ಸೀಟಿನಲ್ಲಿ ಕೂತು, ದೋಣಿ ಬಿಟ್ಟು ಈಜಬೇಕಿತ್ತು, ಇಲ್ಲ, ಅಂಬಿಗನನ್ನು ಇನ್ನೊಮ್ಮೆ ಕೇಳಬೇಕಿತ್ತು ಎಂದು ಜೋರಾಗಿ ಜಗಳವಾಡತೊಡಗಿದರು. ಫೈಲು ಯಾರ ತೊಡೆಯ ಮೇಲೂ ಇರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತು ಅವರು ಹೇಳಿದ್ದನ್ನೆಲ್ಲ ಟಿಕೆಟ್ಟಿನ ಹಿಂದೆ, ಜಾಗ ಸಾಲದೆ ಅಂಗೈಯ ಮೇಲೆ, ಬರೆದುಕೊಳ್ಳುತ್ತ ಹೋದೆ.