ನಿಕಾ ಕೊಟ್ಟ ಖಾಲಿ ಡಬ್ಬಿ

ಸರೋಜಿನಕ್ಕ ಯಾರ ಮನೆಯ ಪಾತ್ರೆಯನ್ನೂ ಖಾಲಿ ಹಿಂದಿರುಗಿಸಿದವರಲ್ಲ. ನಾನು ಬಿಸಿಬೇಳೆ ಬಾತ್ ಕೊಟ್ಟ ಡಬ್ಬಿ ಮರುದಿನ ನೀರುದೋಸೆ ತುಂಬಿಕೊಂಡು ಬರುತ್ತಿತ್ತು. ಏನೂ ಇಲ್ಲದ ದಿನ ತಳದಲ್ಲಿ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. ಅಮೆರಿಕದ ಹೇವರ್ಡ್‌ನ ಆ ಅಪಾರ್ಟ್‌ಮೆಂಟಿನಲ್ಲಿ ಅವರು ಕೆಳಗೆ, ನಾನು ಮೇಲೆ. ಅವರು ಮಲ್ಪೆಯವರು, ನಾನು ಮೈಸೂರಿನವಳು. ಅವರಿಗೆ ಕಾರು ಓಡಿಸಲು ಬಾರದು, ನನಗೆ ಬಾಯಿ ಮುಚ್ಚಿಕೊಂಡಿರಲು ಬಾರದು. ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿಯೇ ಹೊಂದಿಕೆಯಾಗಿತ್ತು.

ಕಿಟಕಿ ಪರದೆಗಳ ಕಾರ್ಖಾನೆಯಲ್ಲಿ ಅಂಚು ಮಡಚಿ ಹೊಲಿಯುವುದು ಅವರ ಕೆಲಸ. ಪಕ್ಕದ ಮೆಷಿನಿನಲ್ಲಿ ಆನಿತ್ಸಾ ಎಂಬ ಮುದುಕಿ ಇದ್ದಳು. ಊರು ಯುಗೊಸ್ಲಾವಿಯಾದ ದುಬ್ರೊವ್ನಿಕ್. ಸಮುದ್ರದ ದಡದಲ್ಲೇ ಸುತ್ತ ಕಲ್ಲಿನ ಕೋಟೆ ಕಟ್ಟಿಕೊಂಡ ಹಳೇ ಪಟ್ಟಣ. ಸಾವಿರದ ಒಂಬೈನೂರ ಐವತ್ತಾರರಲ್ಲಿ ಮನೆಯಲ್ಲಿ ಯಾರಿಗೂ ಹೇಳದೆ ದೋಣಿ ಹತ್ತಿ ಇಟಲಿಗೆ ಓಡಿ, ಅಲ್ಲಿಂದ ಅಮೆರಿಕಕ್ಕೆ ಬಂದವಳು. ಹಿಂದಿರುಗಿದರೆ ದೇಶ ಬಿಟ್ಟು ಓಡಿದ್ದಕ್ಕೆ ಪೊಲೀಸರು ಹಿಡಿಯುತ್ತಾರೆಂಬ ಹೆದರಿಕೆಗೆ ತಾಯಿ ಸತ್ತಾಗಲೂ ಹೋಗಲಿಲ್ಲ. ಆಗ ತಂಗಿ ನಿಕಾ ಒಂದೇ ಸಾಲಿನ ಕಾಗದ ಬರೆದಳು: ‘ಈ ಮನೆಯಲ್ಲಿ ನಿನ್ನದೆನ್ನುವುದು ಏನೂ ಉಳಿದಿಲ್ಲ.’ ಆಮೇಲೆ ಹದಿನಾಲ್ಕು ವರ್ಷ ಕಾಗದವಿಲ್ಲ. ಹೆದರಿಕೆ ಕಳೆಯುವ ಹೊತ್ತಿಗೆ ಆನಿತ್ಸಾಳ ಎದೆ ಕೈಕೊಟ್ಟಿತ್ತು, ಡಾಕ್ಟರು ವಿಮಾನ ಬೇಡವೆಂದಿದ್ದರು.

ಎಂಬತ್ತೈದರಲ್ಲಿ ಸರೋಜಿನಕ್ಕ ಊರಿಗೆ ಹೊರಟರು. ಆಗ ಯಾರು ಊರಿಗೆ ಹೊರಟರೂ ಬೇ ಏರಿಯಾದ ಕನ್ನಡದವರೆಲ್ಲರ ಪೊಟ್ಟಣ ಹೊರಬೇಕಿತ್ತು. ಸ್ವಂತ ಸೀರೆಗೆ ಸೂಟ್‌ಕೇಸಿನಲ್ಲಿ ಜಾಗವಿದ್ದರೆ ಪುಣ್ಯ. ಎಲ್ಲರದೂ ಒಯ್ಯುವಾಗ ಆನಿತ್ಸಾಳದು ಯಾಕೆ ಬೇಡ ಎಂದು ಇವರೇ ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್ ಮಾರ್ಗದ ಟಿಕೆಟು ಕೊಂಡರು. ನಾನು, “ಉಡುಪಿಗೆ ಹೋಗೋಕೆ ಇದ್ಯಾವ ದಾರಿ ಅಕ್ಕ?” ಎಂದು ನಕ್ಕೆ. “ನಿನಗೆಂತ ಗೊತ್ತುಂಟು, ಸುಮ್ಮನಿರು ಮಾರಾಯ್ತಿ” ಎಂದರು.

ಊಟದ ವಿರಾಮದಲ್ಲಿ ಆನಿತ್ಸಾ ಭಾಷೆ ಕಲಿಸಿದಳು. ಇವರು ಪರದೆಯ ಅಳತೆ ಪುಸ್ತಕದ ಕೊನೆಯಲ್ಲಿ ಕನ್ನಡದಲ್ಲೇ ಬರೆದುಕೊಂಡರು. ದೊಬರ್ ದಾನ್ ಅಂದರೆ ನಮಸ್ಕಾರ, ಮೊಲಿಮ್ ಅಂದರೆ ದಯವಿಟ್ಟು, ಹ್ವಾಲಾ ಅಂದರೆ ಉಪಕಾರವಾಯಿತು. ಪಾತ್ರೆ ತೊಳೆಯುವಾಗ ಇವನ್ನೇ ಉರುಹೊಡೆಯುತ್ತಿದ್ದರು, ಮೇಲಿದ್ದ ನನಗೂ ಬಾಯಿಪಾಠವಾಯಿತು. ಆನಿತ್ಸಾ ತಾನೇ ಒಣಗಿಸಿದ ಏಪ್ರಿಕಾಟ್ ಹಣ್ಣುಗಳನ್ನು ಬಿಸ್ಕತ್ತಿನ ನೀಲಿ ಡಬ್ಬಿಗೆ ತುಂಬಿ ಕೊಟ್ಟು, “ತಗೊಂಡಳಾ ಇಲ್ಲವಾ, ಅಷ್ಟು ನೋಡಿಕೊಂಡು ಬಾ” ಎಂದಳು.

ಎರಡು ತಿಂಗಳಾದ ಮೇಲೆ ಸರೋಜಿನಕ್ಕ ಹಿಂದಿರುಗಿದರು. ನಾನು ಆನಿತ್ಸಾಳ ಮನೆಗೆ ಕರೆದೊಯ್ಯುವಾಗ ಕಾರಿನಲ್ಲಿ ಎಲ್ಲ ಹೇಳಿದರು.

“ನಿಕಾಳ ಮನೆಗೆ ಮೆಟ್ಟಿಲು ಅಂದ್ರೆ ಮೆಟ್ಟಿಲು! ಏದುಸಿರು ಬಿಡ್ತಾ ದೊಬರ್ ದಾನ್ ಅಂದೆ, ಆನಿತ್ಸಾ ಅಂದೆ. ನಿಕಾ ಡಬ್ಬಿ ತಗೊಂಡು ಒಳಗೆ ಹೋದಳು. ಎಷ್ಟೋ ಹೊತ್ತು ಬರಲೇ ಇಲ್ಲ. ಆಮೇಲೆ ಡಬ್ಬಿ ತೊಳೆದು ಒರೆಸಿ, ಎಂತದೋ ಹಳೇ ಬಟ್ಟೆ ಸುತ್ತಿ ತಂದು ಕೊಟ್ಟು, ಬಾಗಿಲು ಹಾಕಿಕೊಂಡಳು. ಖಾಲಿ ಡಬ್ಬಿ ಮಾರಾಯ್ತಿ! ಎಂತ ಹೆಂಗಸು!”

ಆ ಡಬ್ಬಿ ಹಿಡಿದು ಅವರು ಕೋಟೆಗೋಡೆಯ ಮೇಲೆ ಸುತ್ತು ಹಾಕಿದರಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮನೆಗಳ ಹಗ್ಗದ ಮೇಲೆ ಒಣಗುವ ಬಟ್ಟೆ, ಎಲ್ಲಿಂದಲೋ ಮೀನು ಹುರಿಯುವ ವಾಸನೆ. ಎರಡು ದಿನ ತಡೆದರೆ ತನಗೆ ಮಲ್ಪೆಯ ಕಡಲು ಸಿಗುತ್ತದೆ, ಆನಿತ್ಸಾಗೆ ಇದು ಇನ್ನು ಸಿಗುವುದಿಲ್ಲ ಎನಿಸಿ ಅಲ್ಲೇ ಕುಳಿತು ಅತ್ತರಂತೆ. ಕೆಳಗಿಳಿದವರೇ ಮಾರುಕಟ್ಟೆಯಲ್ಲಿ ಒಣ ಅಂಜೂರ ಕೊಂಡು ಡಬ್ಬಿ ತುಂಬಿದರು.

“ನಿಕಾಳೇ ಕೊಟ್ಟಳು ಅಂತ ಹೇಳ್ತೇನೆ. ನೀನು ನಡುವೆ ಬಾಯಿ ಹಾಕಬೇಡ” ಎಂದು ನನ್ನಿಂದ ಮಾತು ತೆಗೆದುಕೊಂಡರು.

ಆನಿತ್ಸಾ ಒಂದು ಅಂಜೂರ ಎತ್ತಿ ಮೂಸಿದಳು, ಕಚ್ಚಲಿಲ್ಲ. “ನಮ್ಮ ಮನೆಯಲ್ಲಿ ನಡುನಡುವೆ ಪಲಾವ್ ಎಲೆ ಇಡದೆ ಅಂಜೂರ ಕಟ್ಟುವುದಿಲ್ಲ. ಇದು ಅಂಗಡಿಯದು” ಎಂದಳು. “ಸರೋಜಿನಿ, ಅವಳು ಏನೂ ಕೊಡಲಿಲ್ಲ ಅಲ್ಲವಾ?”

ಸರೋಜಿನಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ತಲೆ ತಗ್ಗಿಸಿ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಆನಿತ್ಸಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ನನಗೆ ಆ ನಿಕಾಳ ಮೇಲೆ ಮೈಯೆಲ್ಲ ಉರಿಯಿತು. ಏನಾದರೂ ಮಾಡಬೇಕಲ್ಲ ಎಂದು ಸರೋಜಿನಕ್ಕ ಚೀಲದಿಂದ ತಾವು ಊರಿನಿಂದ ತಂದಿದ್ದ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಒಡೆಯದಿರಲೆಂದು ಅದಕ್ಕೆ ಬಟ್ಟೆ ಸುತ್ತಿದ್ದರು.

ಆನಿತ್ಸಾ ತಿರುಗಿ ನೋಡಿದವಳು, “ಆ ಬಟ್ಟೆ?” ಎಂದಳು.

“ಡಬ್ಬಿಗೆ ಸುತ್ತಿದ್ದದ್ದು. ಹಳತು.”

ಆನಿತ್ಸಾ ಅದನ್ನು ಬಿಚ್ಚಿ ಹರಡಿದಳು. ಮೂರು ಅಂಚಿಗೆ ಕೆಂಪು ದಾರದ ಕಸೂತಿ. ನಾಲ್ಕನೆಯದಕ್ಕೆ ಕಸೂತಿಯಿಲ್ಲ, ಕತ್ತರಿಸಿ ಮಡಚಿ ಹೊಲಿದ ಬರೀ ಅಂಚು. ಒಂದು ಮೂಲೆಯಲ್ಲಿ ನಮ್ಮ ಉಪ್ಪಿನಕಾಯಿಯ ಎಣ್ಣೆ ಇಳಿದಿತ್ತು.

“ಅಮ್ಮನ ಮೇಜಿನ ಬಟ್ಟೆ” ಎಂದಳು. “‘ನಾನು ಹೋದ ಮೇಲೆ ಇಬ್ಬರಿಗೂ ಅರ್ಧ ಅರ್ಧ’ ಅನ್ನುತ್ತಿದ್ದಳು. ಇದು ನನ್ನ ಪಾಲು.” ಕಸೂತಿಯಿಲ್ಲದ ಅಂಚನ್ನು ಮುಟ್ಟಿ, “ಆವತ್ತು ಒಳಗೆ ಹೋಗಿ ಕತ್ತರಿಸಿದಳೇನೋ. ಪೀಡೆ ತೊಲಗಲಿ ಅಂತ” ಎಂದಳು.

ಸರೋಜಿನಕ್ಕ ಬಟ್ಟೆಯನ್ನು ಕಿಟಕಿಯ ಬಳಿ ಒಯ್ದು ಕನ್ನಡಕ ಏರಿಸಿದರು. ದಿನಕ್ಕೆ ನೂರು ಅಂಚು ಹೊಲಿಯುವ ಕೈ ಆ ಅಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು.

“ಇಲ್ಲ ಆನಿತ್ಸಾ. ಇದು ಮೊನ್ನೆಯ ಹೊಲಿಗೆ ಅಲ್ಲ. ನೋಡು, ದಾರವೂ ಬಟ್ಟೆ ಜೊತೆಗೇ ಹಳದಿಯಾಗಿದೆ. ಮಡಿಕೆಯ ಗೆರೆ ಕಂದು ಬಣ್ಣಕ್ಕೆ ತಿರುಗಿದೆ. ಹತ್ತು ವರ್ಷಕ್ಕೆ ಕಡಿಮೆಯಿಲ್ಲ. ಅವಳು ಯಾವಾಗಲೋ ಹೊಲಿದು ಮಡಚಿ ಇಟ್ಟಿದ್ದಳು.”

ಆನಿತ್ಸಾ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಉಪ್ಪಿನಕಾಯಿಗೆ ಸುತ್ತಿದೆನಲ್ಲ ಎಂದು ಸರೋಜಿನಕ್ಕನೂ ಅತ್ತರು. ನಾನು ಅಳುವವಳಲ್ಲ, ಆದರೂ ಅತ್ತೆ.

ಹೊರಡುವ ಮೊದಲು ಅದನ್ನು ಮೇಜಿಗೆ ಹಾಸಿದೆವು. ಅರ್ಧಕ್ಕೇ ನಿಂತಿತು, ಆಚೆ ಬರೀ ಮರ. ಕಾರ್ಖಾನೆಯಲ್ಲಿ ಇಂಥದೇ ಬಿಳಿ ಬಟ್ಟೆಯಿದೆ, ಕಸೂತಿಯನ್ನೂ ಹಾಗೆಯೇ ಹಾಕಿ ಜೋಡಿಸಿಕೊಡುತ್ತೇನೆ, ಜೋಡಿಸಿದ್ದು ಯಾರಿಗೂ ಕಾಣದು ಎಂದು ಸರೋಜಿನಕ್ಕ ಅಳತೆ ಪಟ್ಟಿ ತೆಗೆದರು.

ಆನಿತ್ಸಾ ಅವರ ಕೈ ಹಿಡಿದು ತಡೆದಳು.

“ಬೇಡ. ಉಳಿದದ್ದು ಅಲ್ಲಿದೆ.”